ಅಟ್ಟೆಯೊಳಗಿನ ದಣಿವು

ಓದುಪೀಠದ ಮೇಲಿಟ್ಟ ಬೂಟು ಮೊದಲು ಹಸಿರಾಗಿ, ಆಮೇಲೆ ಹಳದಿಯಾಗಿ, ಕೊನೆಗೆ ಕೆಂಪು ಬೆಳಕಿನಲ್ಲಿ ಮುಳುಗಿತು. ಪದ್ಮಾಕ್ಷಿ ಅದನ್ನು ತೆಗೆದು, ಪೀಠವನ್ನು ಒರೆಸಿ, ಮತ್ತೆ ಇಟ್ಟಳು. ಮತ್ತೆ ಕೆಂಪು. ದೋಷ ತನ್ನ ಕೈಯಲ್ಲೇ ಇರಬಹುದೇನೋ ಎಂದು ಕೈ ತೊಳೆದು ಬಂದು ಇನ್ನೊಮ್ಮೆ ಇಟ್ಟಳು. ಕೆಂಪು ಇನ್ನಷ್ಟು ಗಾಢವಾದಂತೆ ಕಂಡಿತು.

ಅರಸೀಕೆರೆಯ ಹೊರವಲಯದ ಆ ಪಾದರಕ್ಷೆ ಕಾರ್ಖಾನೆಗೆ ಅವಳು ದಣಿವು ಪರಿವೀಕ್ಷಕಿ. ಅವಳಿಗೆ ಸಂಬಳ ಕೊಡುತ್ತಿದ್ದುದು ಕಾರ್ಖಾನೆಯಲ್ಲ, ಸಮುದ್ರದಾಚೆಯ ಬಳಕೆದಾರರ ಒಕ್ಕೂಟ. ತಾವು ಹಾಕಿಕೊಳ್ಳುವ ಬೂಟುಗಳನ್ನು ದೂರದೇಶದ ಹೆಂಗಸರು ಊಟಕ್ಕೂ ಏಳದೆ ಹೊಲಿಯುತ್ತಾರೆಂದು ತಿಳಿದ ಅಲ್ಲಿನ ಕೆಲವರು ಅಂಗಡಿಗಳ ಮುಂದೆ ಧರಣಿ ಕೂತು, ಬೈಸಿಕೊಂಡು, ವರ್ಷಗಟ್ಟಲೆ ಹೋರಾಡಿ ಒಂದು ಕಾನೂನು ತಂದಿದ್ದರು: ಪ್ರತಿ ಬೂಟಿನ ಅಟ್ಟೆಯ ಪದರಗಳ ನಡುವೆ ದಣಿವುಪೊರೆ ಇರಲೇಬೇಕು.

ದಣಿವುಪೊರೆಯ ತತ್ವ ಸರಳ. ದಣಿದ ಸ್ನಾಯು ಕಣ್ಣಿಗೆ ಕಾಣದಷ್ಟು ಸಣ್ಣಗೆ ನಡುಗುತ್ತದೆ. ಹೊಲಿಯುವವಳ ಕೈಬಿಸಿಗೆ ಮೆತ್ತಗಾಗುವ ಪೊರೆ ಆ ನಡುಕವನ್ನು ಅಚ್ಚೊತ್ತಿಕೊಂಡು, ಆರಿದ ಮೇಲೆ ಗಟ್ಟಿಯಾಗುತ್ತದೆ. ಓದುಪೀಠ ಆ ಅಚ್ಚನ್ನು ಬಣ್ಣವಾಗಿ ತೋರಿಸುತ್ತದೆ. ಹಸಿರಾದರೆ ಬೂಟು ಹಡಗು ಹತ್ತಬಹುದು, ಕೆಂಪಾದರೆ ಇಲ್ಲ; ದಣಿದವರು ಸುಧಾರಿಸಿಕೊಳ್ಳುವವರೆಗೆ ಮಿಷನ್ನೂ ನಿಲ್ಲಬೇಕು. ಪೊರೆ ಬಂದ ಮೇಲೆ ಕಾರ್ಖಾನೆಯಲ್ಲಿ ಓವರ್‌ಟೈಮ್ ನಿಂತಿತ್ತು. ಚಹಾ ಕುಡಿಯಲು ಎದ್ದವರನ್ನು ಯಾರೂ ಬೈಯುತ್ತಿರಲಿಲ್ಲ.

ಈ ಬೂಟುಗಳೂ ಹಡಗು ಹತ್ತುವಾಗ ಹಸಿರಾಗಿಯೇ ಇದ್ದವು. ಕೆಲವು ತಿಂಗಳು ಬಳಸಿದ ಮೇಲೆ, ಮೊದಲ ಬಾರಿಗೆ, ಮರುತಪಾಸಣೆಗೆಂದು ಒಕ್ಕೂಟ ಮೂರು ಜೋಡು ವಾಪಸು ಕಳಿಸಿತ್ತು. ಮೂರೂ ಕೆಂಪು. ಮೂರನ್ನೂ ಹೊಲಿದವಳು ಚಿಕ್ಕತಾಯಮ್ಮ.

"ಯಾರದೋ ಕಾರ್ಡಲ್ಲಿ ಎರಡನೇ ಪಾಳಿ ಮಾಡ್ತಿದ್ದಾಳೆ, ಆಗ ಹೇಗೋ ಪೀಠದ ಕಣ್ಣು ತಪ್ಪಿಸಿದಾಳೆ, ಇನ್ನೇನು?" ಎಂದ ಮ್ಯಾನೇಜರ್. "ನಾಳೆಯಿಂದ ಬರೋದು ಬೇಡ ಅಂದ್ಬಿಡಿ. ಇಲ್ದಿದ್ರೆ ಇಡೀ ಆರ್ಡರ್ ಹೋಗುತ್ತೆ."

ಅದೇ ಕಾನೂನಿನಲ್ಲಿ ಎರಡು ಪಾಳಿ ದುಡಿಸಿಕೊಂಡವರಿಗೆ ದಂಡ, ಕದ್ದು ದುಡಿದವರಿಗೆ ಕೆಲಸವೇ ಇಲ್ಲ. ಎರಡನೆಯದನ್ನು ಯಾಕೆ ಸೇರಿಸಿದರೆಂದು ಪದ್ಮಾಕ್ಷಿಗೆ ಎಂದೂ ಅರ್ಥವಾಗಿರಲಿಲ್ಲ. ಆದರೂ ಜಾರಿ ಮಾಡಬೇಕಾದವಳು ಅವಳೇ.

ಚಿಕ್ಕತಾಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ರಾತ್ರಿ ಬೇರೆಲ್ಲಾದ್ರೂ ಕೆಲಸಕ್ಕೆ ಹೋಗ್ತೀರಾ ತಾಯಮ್ಮ? ನಿಜ ಹೇಳಿ, ನಾನೇನಾದ್ರೂ ದಾರಿ ನೋಡ್ತೀನಿ."

"ನಾನೆಲ್ಲಿಗೆ ಹೋಗ್ಲಿ ಮೇಡಮ್ಮೋರೆ? ಕತ್ಲಾಗ್ತಿದ್ದಂಗೆ ನಮ್ಮತ್ತೆ ಚಿಲಕ ಹಾಕಿ ಬಾಗ್ಲಿಗೆ ಅಡ್ಡ ಮಲಿಕತದೆ. ಅದ್ನ ದಾಟೋ ಧೈರ್ಯ ನನ್ ಗಂಡಂಗೇ ಇಲ್ಲ." ನಗುತ್ತಿದ್ದವಳ ಮುಖ ಪೀಠದ ಬೆಳಕು ಕಂಡು ಚಿಕ್ಕದಾಯಿತು. "ಕೆಲ್ಸದಿಂದ ತೆಗೀತೀರಾ? ಮಗಳು ಈಗಷ್ಟೇ ನರ್ಸಿಂಗ್ ಸೇರವ್ಳೆ ಕಣವ್ವ."

ಯಂತ್ರ ಸುಳ್ಳು ಹೇಳುವುದಿಲ್ಲ. ಈ ಹೆಂಗಸೂ ಸುಳ್ಳು ಹೇಳುತ್ತಿಲ್ಲ. ಎರಡನ್ನೂ ಒಟ್ಟಿಗೆ ನಂಬುವುದು ಹೇಗೆಂದು ತೋಚದೆ ಪದ್ಮಾಕ್ಷಿ ಧಾರವಾಡದಿಂದ ಡಾ. ವಾಮನ ಇನಾಮದಾರರನ್ನು ಕರೆಸಿದಳು. ಪೊರೆಯನ್ನು ಕಂಡುಹಿಡಿದವರು ಅವರೇ.

ಇನಾಮದಾರರು ಚಿಕ್ಕತಾಯಮ್ಮನಿಂದ ಒಂದು ಹೊಸ ತುಂಡು ಹೊಲಿಸಿದರು. ಅದರ ಅಚ್ಚನ್ನೂ ಕೆಂಪು ಬೂಟಿನ ಅಚ್ಚನ್ನೂ ಪರದೆಯ ಮೇಲೆ ಹಿಗ್ಗಿಸಿ ನೋಡಿ ಕನ್ನಡಕ ತೆಗೆದರು.

"ಇದು ಈಕೀದಲ್ರೀ. ಈಕಿ ನಡುಕ ಸಣ್ಣದು, ಜಲ್ದಿ ಜಲ್ದಿ ಬರ್ತದ, ಬೆರಳಿಂದು. ಈ ಕೆಂಪಂದು ನಿಧಾನ, ಭಾಳ ಆಳ. ಸೊಂಟದಿಂದ, ಮೀನಖಂಡದಿಂದ ಇಳಿದು ಬಂದದ."

"ಹಾಗಂದ್ರೆ?"

"ತಪ್ಪು ನಂದ. ಕೈಬಿಸಿಗೆ ಮೆತ್ತಗಾಗೋ ಪೊರೆ ಕಾಲಿನ ಬಿಸಿಗೂ ಮೆತ್ತಗಾಗ್ತದ ಅಂತ ನಾ ವಿಚಾರನ ಮಾಡ್ಲಿಲ್ಲ. ಹೊಲಿದಾಕಿ ಅಚ್ಚಿನ ಮ್ಯಾಲೆ ಮೆಟ್ಟಿದವರ ಅಚ್ಚು ಕುಂತದ. ಇದು ಬೂಟು ಹಾಕ್ಕೊಂಡವರ ದಣಿವು."

"ಅವ್ರಿಗೂ ಸುಸ್ತಾಯ್ತದಾ?" ಚಿಕ್ಕತಾಯಮ್ಮ ಬೆರಗಾದಳು. "ಅವ್ರೆಲ್ಲ ಕಾರಲ್ಲೇ ಓಡಾಡ್ತಾರೆ ಅಂದ್ಕಂಡಿದ್ದೆ."

ಪದ್ಮಾಕ್ಷಿ ಒಕ್ಕೂಟದ ಕಾರ್ಯದರ್ಶಿ ಇಂಗ್ರಿಡ್‌ಗೆ ಫೋನ್ ಮಾಡಿ, ಆ ಬೂಟುಗಳನ್ನು ಹಾಕಿಕೊಂಡಿದ್ದವರು ಯಾರೆಂದು ಅವಳ ಭಾಷೆಯಲ್ಲಿ ಕೇಳಿದಳು.

"ಬೇಗ ಹೇಳು, ಕೆಲಸದಲ್ಲಿದ್ದೇನೆ," ಎಂದಳು ಇಂಗ್ರಿಡ್. "ಹಳೆಯ ಬೂಟು ಕೊಡಲು ಹೊರಗಿನವರು ಯಾರೂ ಒಪ್ಪಲಿಲ್ಲ. ನಮ್ಮ ಕಾರ್ಯಕರ್ತರದ್ದನ್ನೇ ಕಳಿಸಿದೆವು. ಒಂದು ಜೋಡು ನನ್ನದು. ಯಾಕೆ?"

"ನೀವು ಮಾಡುವ ಕೆಲಸ ಏನು?"

"ಒಕ್ಕೂಟದ್ದು ಸಂಜೆ ಮಾತ್ರ. ಹಗಲೆಲ್ಲ ಬೂಟು ಕಂಪನಿಯ ಗೋದಾಮಿನಲ್ಲಿ ದುಡಿಯುತ್ತೇನೆ. ನಿಮ್ಮಲ್ಲಿಂದ ಬಂದ ಪೆಟ್ಟಿಗೆಗಳನ್ನು ವಿಂಗಡಿಸುವುದು. ನಾವೆಲ್ಲ ಅದನ್ನೇ ಮಾಡುವವರು."

ಪದ್ಮಾಕ್ಷಿ ಇದನ್ನು ಕನ್ನಡದಲ್ಲಿ ಹೇಳುವಷ್ಟರಲ್ಲಿ ಬಾಗಿಲ ಬಳಿ ಹೊಲಿಗೆ ಸಾಲಿನ ಹೆಂಗಸರು ಗುಂಪುಗೂಡಿದ್ದರು.

"ಒಂದು ವಾರ ಕೊಡ್ರಿ," ಎಂದರು ಇನಾಮದಾರರು. "ಕಾಲಿನ ಬಿಸಿ ತಟ್ಟದಂಥಾ ಪೊರೆ ಮಾಡಿ ಕೊಡ್ತೀನಿ. ಮೆಟ್ಟಿದವರದು ಏನೂ ಕಾಣಂಗಿಲ್ಲ. ಎಲ್ಲಾ ಹಸರ."

ಮ್ಯಾನೇಜರ್ ನಿಟ್ಟುಸಿರು ಬಿಟ್ಟ. "ಸರಿ, ನೀನು ನಾಳೆ ಬಾರಮ್ಮ."

ಪದ್ಮಾಕ್ಷಿಗೂ ಎದೆ ಹಗುರಾಯಿತು. ಹಗುರಾಗಿದ್ದು ಸರಿಯೋ ತಪ್ಪೋ ಎಂಬುದು ಮಾತ್ರ ಗೊತ್ತಾಗಲಿಲ್ಲ. ಚಿಕ್ಕತಾಯಮ್ಮ ನಿಂತಲ್ಲಿಂದ ಕದಲಲಿಲ್ಲ.

"ಕೆಂಪು ಬಂದ್ರೆ, ದಣಿದವ್ರು ಸುಧಾರಿಸ್ಕಳೋಗಂಟ ಮಿಷನ್ ನಿಲ್ಲಿಸ್ಬೇಕು ಅಂತಲ್ವಾ ಕಾನೂನು?"

"ಅದು ನಿಮಗೋಸ್ಕರ ಮಾಡಿದ್ದು ತಾಯಮ್ಮ."

"ನಾವೆಲ್ಲಿ ದಣಿದಿದೀವಿ? ದಣಿದಿರೋದು ಆಯಮ್ಮ." ತನ್ನ ಸಾಲಿಗೆ ಹೋಗಿ ಮಿಷನ್ನಿನ ಗುಂಡಿ ಒತ್ತಿ ಆರಿಸಿದಳು. "ಏನ್ ನೋಡ್ತೀಯೇ ಜವರಮ್ಮ? ನಿಂದೂ ಆರ್ಸು!"

ಜವರಮ್ಮ ಆರಿಸಿದಳು. ಸಾಲಿನಿಂದ ಸಾಲಿಗೆ ಸದ್ದು ಅಡಗುತ್ತ ಹೋಯಿತು. ಮ್ಯಾನೇಜರ್ ಕೂಗಾಡಿದ. ಇನಾಮದಾರರು ಕನ್ನಡಕ ಹಾಕಿದರು, ಮತ್ತೆ ತೆಗೆದರು.

"ಏನದು, ಮಿಷನ್ ಸದ್ದು ನಿಂತಿತಲ್ಲ? ಏನಾಯಿತು?" ಎಂದಳು ಫೋನಿನಲ್ಲಿ ಇಂಗ್ರಿಡ್. ಪದ್ಮಾಕ್ಷಿ ತೊದಲುತ್ತ ಹೇಳಿದಳು.

"ನನಗಾಗಿಯೇ? ಬೇಡವೆನ್ನು! ಕಂಪನಿ ಆರ್ಡರನ್ನು ಬೇರೆ ದೇಶಕ್ಕೆ ಕೊಡುತ್ತದೆ, ಅವರ ಅನ್ನ ಹೋಗುತ್ತದೆ. ಹೀಗೆ ಮಾಡಿ ಎಂದು ನಾವು ಕೇಳಲಿಲ್ಲವಲ್ಲ!"

ಪದ್ಮಾಕ್ಷಿ ಅದನ್ನೂ ಕನ್ನಡಕ್ಕೆ ತಂದಳು. ಚಿಕ್ಕತಾಯಮ್ಮ ಹುಬ್ಬೇರಿಸಿದಳು.

"ನಮಗೋಸ್ಕರ ಅಂಗಡಿ ಮುಂದೆ ಕೂತಾಗ ಅವ್ರು ನಮ್ಮುನ್ನ ಕೇಳಿದ್ರಾ?"

ಇದು ಕುಟುಕೋ, ಪ್ರೀತಿಯೋ? ಆ ಭಾಷೆಯಲ್ಲಿ ಎರಡೂ ಕೇಳಿಸುವಂತೆ ಹೇಗೆ ಹೇಳುವುದು? ತಾನು ಈಗ ಯಾರ ಪರವಾಗಿ ಮಾತನಾಡಬೇಕು? ಕಾರ್ಖಾನೆ ನಡೆಯಬೇಕೆಂದು ಬಯಸಿದರೆ ತಪ್ಪೇ, ನಿಲ್ಲಲೆಂದು ಬಯಸಿದರೆ ತಪ್ಪೇ? ಪದ್ಮಾಕ್ಷಿ ಫೋನನ್ನು ಬಾಯಿಯ ಹತ್ತಿರ ತಂದಳು.

"ಇಂಗ್ರಿಡ್, ಸ್ವಲ್ಪ ಕುಳಿತುಕೊಳ್ಳಿ. ನಿಧಾನವಾಗಿ ಹೇಳುತ್ತೇನೆ."

ಆ ಕಡೆ ಪೆಟ್ಟಿಗೆಗಳು ಉರುಳುವ ಸದ್ದು ಬರುತ್ತಲೇ ಇತ್ತು.

"ಇಲ್ಲಿ ಕುರ್ಚಿ ಇಡುವುದಿಲ್ಲ," ಎಂದಳು ಇಂಗ್ರಿಡ್. "ಹಾಗೇ ಹೇಳು, ಕೇಳಿಸಿಕೊಳ್ಳುತ್ತೇನೆ."