ಗಾಣದ ಎತ್ತಿಗೆ ಬೆಳ್ಳುಳ್ಳಿ

ಬಹಳ ಹಿಂದೆ, ಹೊಳೆಗಳು ಇನ್ನೂ ತಮ್ಮ ದಾರಿ ಹುಡುಕಿಕೊಳ್ಳುತ್ತಿದ್ದ ಕಾಲದಲ್ಲಿ, ಬೆಣಚಿನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಹಿತ್ತಲಿಲ್ಲದ ಮನೆ ಇರಲಿಲ್ಲ, ಬೆಳ್ಳುಳ್ಳಿ ಪಾತಿಯಿಲ್ಲದ ಹಿತ್ತಲಿರಲಿಲ್ಲ. ಅದು ನಾಲಿಗೆ ರುಚಿಯ ಮಾತಲ್ಲ, ಜೀವದ ಮಾತು. ಊರ ಮೇಲಿನ ಮಂಜಿನ ಗುಡ್ಡದಲ್ಲಿ ಮಬ್ಬಯ್ಯನೆಂಬ ಮಾಂತ್ರಿಕನಿದ್ದ. ಮುಸ್ಸಂಜೆಗೆ ಇಳಿದು ಬಂದು, ಎದುರು ಸಿಕ್ಕವರ ಮುಖಕ್ಕೆ ಉಫ್ ಎಂದು ಊದುತ್ತಿದ್ದ. ಬಾಯಲ್ಲಿ ಬೆಳ್ಳುಳ್ಳಿ ವಾಸನೆ ಇದ್ದವರಿಗೆ ಏನೂ ಆಗುತ್ತಿರಲಿಲ್ಲ. ಇಲ್ಲದವರು ಎತ್ತಾಗುತ್ತಿದ್ದರು. ಅವರನ್ನು ಹೊಡೆದುಕೊಂಡು ಹೋಗಿ ತನ್ನ ಎಣ್ಣೆ ಗಾಣಕ್ಕೆ ಕಟ್ಟುತ್ತಿದ್ದ. ರಾಜನೂ ಅಷ್ಟೇ, ಸಂಜೆ ಒಂದು ಎಸಳು ಅಗಿಯದೆ ಹೊಸಿಲು ದಾಟುತ್ತಿರಲಿಲ್ಲ.

ಊರಲ್ಲಿ ಇನ್ನೂ ಅಗಿಯದೆ ಉಳಿದವನು ಒಬ್ಬನೇ, ಕೆಂಚರಾಯ. ಕಂಬಳಿ ನೇಯುವವನು. ಒಳ್ಳೆಯವನೇ, ಆದರೆ ಅವನ ಮೂಗಿಗೆ ಬಲು ಜಂಬ. ಹೆಂಡತಿ ಮಲ್ಲಾಜಿ ಬೇಡಿಕೊಂಡಳು, ತಾಯಿ ಸಾಕವ್ವ ಬೈದಳು. "ಆ ನಾತ ನನ್ನ ಬಾಯಿಗೆ ಬೇಡ" ಎಂದು ಮುಖ ತಿರುಗಿಸಿದ. ಒಂದು ಸಂಜೆ ಬಾವಿಗೆ ಹೋದವನಿಗೆ ಮಬ್ಬಯ್ಯ ಎದುರಾದ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ, ಇವನಿಗೆ ಕೆಟ್ಟ ಮೇಲೆ ಕೊಂಬು ಬಂತು.

ಮಲ್ಲಾಜಿ ಬಾವಿಕಟ್ಟೆಯ ಮೇಲೆ ಕೂತು ಅತ್ತಳು. ಸಾಕವ್ವ ಅವಳ ತಲೆ ಸವರಿದಳು.

"ಅಳಬೇಡ ಮಗಾ. ಅಲ್ಲ, ಅಳು. ಆದ್ರೆ ಅಳ್ತಾ ಅಳ್ತಾ ಪಾತಿ ಅಗೆ. ಮನೇಲಿರೋ ಹಳೇ ಬೆಳ್ಳುಳ್ಳಿ ನಮ್ಮನ್ನ ಕಾಯೋಕೆ ಸಾಕು. ಎತ್ತನ್ನ ಮತ್ತೆ ಮನುಷ್ಯನ್ನ ಮಾಡೋಕೆ ಹೊಸ ಬೆಳೆಯ ಘಾಟು ಬೇಕು. ಅದು ಚೆನ್ನಾಗಿ ಬಲಿತು, ನೆರಳಲ್ಲಿ ಒಣಗಿರ್ಬೇಕು. ಅವಸರಪಟ್ಟು ಹಸಿಗಡ್ಡೆ ಹಿಡ್ಕೊಂಡು ಗುಡ್ಡ ಹತ್ತಿದೋರೆಲ್ಲ ತಾವೂ ಎತ್ತಾದ್ರು."

"ಅಲ್ಲೀತನಕ ಅವರು ತಡ್ಕೋತಾರಾ ಅತ್ತೆ?"

"ನೊಗ ಉಜ್ಜಿ ಉಜ್ಜಿ ಹೆಗಲು ಜಡ್ಡುಗಟ್ಟೋ ತನಕ ತಾನು ಮನುಷ್ಯ ಅನ್ನೋದು ನೆನಪಿರತ್ತೆ. ಜಡ್ಡುಗಟ್ಟಿದ ಮೇಲೆ ಮರೆತುಹೋಗತ್ತೆ. ಆಮೇಲೆ ಏನು ತಿನ್ನಿಸಿದ್ರೂ ಎತ್ತೇ."

ಆಗ ಮಳೆ ಹಿಂದಾಗಿ ಚಳಿ ಕಾಲಿಡುತ್ತಿತ್ತು. ಮಲ್ಲಾಜಿ ಮಣ್ಣು ಸಡಿಲ ಮಾಡಿ, ಹಳೆಯ ಗೊಬ್ಬರ ಬೆರೆಸಿ, ಪಾತಿ ಕಟ್ಟಿದಳು. ಸೂರಿನಿಂದ ಬೆಳ್ಳುಳ್ಳಿ ಗೊಂಚಲು ಇಳಿಸಿ ದೊಡ್ಡ ಗಡ್ಡೆಗಳನ್ನು ಒಂದು ಕಡೆ ಇಟ್ಟಳು. ಅಷ್ಟರಲ್ಲಿ ತಲೆಗೆ ರುಮಾಲು ಸುತ್ತಿದ ಒಂದು ಹೆಗ್ಗಣ ಬೇಲಿ ನುಸುಳಿ ಬಂತು.

"ಅತಿಥಿ ಬಂದಿದ್ದೀನಿ ತಾಯಿ. ದೊಡ್ಡದನ್ನ ನನಗೆ ಬಡಿಸು, ಚಿಕ್ಕದನ್ನ ನೆಡು. ಮಣ್ಣಿಗೇನು ಗೊತ್ತಾಗತ್ತೆ?" ಎಂದಿತು.

"ಮಣ್ಣಿಗೆ ಎಲ್ಲಾ ಗೊತ್ತಾಗತ್ತೆ" ಎಂದಳು ಮಲ್ಲಾಜಿ. ಚಿಕ್ಕ ಎಸಳುಗಳನ್ನು ಅರೆದು ಚಟ್ನಿ ಮಾಡಿ, ರೊಟ್ಟಿಯ ಜೊತೆ ಬಡಿಸಿದಳು. ಒಂದು ತುತ್ತು ತಿಂದದ್ದೇ ಹೆಗ್ಗಣಕ್ಕೆ ಸೀನು ಬಂದು, ಸೀನಿದ ರಭಸಕ್ಕೆ ಅದು ಹೊಗೆಯಾಗಿ ಹಾರಿಹೋಯಿತು. ಅದು ಮಬ್ಬಯ್ಯ ಕಳಿಸಿದ ಹೆಗ್ಗಣ. ದೊಡ್ಡ ಎಸಳುಗಳನ್ನು ಅವಳು ಸಿಪ್ಪೆ ಸಮೇತ, ಮೊನೆ ಮೇಲಾಗಿ ಮಣ್ಣಿನಲ್ಲಿಟ್ಟು, ಒಣಹುಲ್ಲು ಹೊದಿಸಿದಳು.

ಚಳಿಯಲ್ಲಿ ಬೆಳ್ಳುಳ್ಳಿ ಹಸಿರಾಗಿ ಎದ್ದಿತು. ಎಲೆ ಮೊಣಕಾಲೆತ್ತರ ಬಂದ ಒಂದು ಬೆಳಗ್ಗೆ ನುಗ್ಗೆ ಮರದಲ್ಲಿ ಗಿಳಿಯೊಂದು ಬಂದು ಕೂತಿತು. ಅದು ಬಾಯಿ ತೆರೆದರೆ ಬಂದದ್ದು ಕೆಂಚರಾಯನ ದನಿ.

"ಮಲ್ಲಾಜಿ, ಹೆಗಲು ಸುಲಿದು ಹೋಗಿದೆ ಕಣೇ. ಇನ್ನೂ ಏನು ಕಾಯ್ತೀಯ? ಈಗಲೇ ಕಿತ್ಕೊಂಡು ಬಾ."

ಗಂಡನ ದನಿ ಕೇಳಿ ಯಾವ ಹೆಂಗಸಿನ ಕರುಳು ಸುಮ್ಮನಿರುತ್ತದೆ? ಮಲ್ಲಾಜಿ ಓಡಿಹೋಗಿ ಒಂದು ಗಿಡ ಕಿತ್ತಳು. ಬುಡದಲ್ಲಿ ಗೋಲಿಯಂಥ ಬಿಳಿ ಗಡ್ಡೆ, ಎಸಳು ಒಡೆದಿರಲಿಲ್ಲ. ಮೂಸಿ ನೋಡಿದರೆ ಘಾಟೂ ಇರಲಿಲ್ಲ. ಅವಳು ಎರಡನೆಯ ಗಿಡಕ್ಕೆ ಕೈ ಹಾಕಿದಳು, ಹಾಗೆಯೇ ಹಿಂದಕ್ಕೆ ತೆಗೆದಳು. ಆಮೇಲೆ ದಿನವೂ ಗಿಳಿ ಬರುತ್ತಿತ್ತು, ದಿನವೂ ಅದೇ ಮಾತು. ಅವಳು ಕಿವಿಗೆ ಹತ್ತಿ ತುರುಕಿಕೊಂಡು ಕಳೆ ಕಿತ್ತಳು. ಆ ದಿನಗಳಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ಕೊನೆಗೆ ಮಬ್ಬಯ್ಯ ಕಳಿಸಿದ ಆ ಗಿಳಿಯೇ ಬೇಸತ್ತು ಹಾರಿಹೋಯಿತು.

ಬಿಸಿಲು ಏರಿತು. ಕೆಳಗಿನ ಎಲೆಗಳು ಹಳದಿಯಾದವು, ಮಲ್ಲಾಜಿ ನೀರು ನಿಲ್ಲಿಸಿದಳು. ಆಗ ಕರುವಿನಷ್ಟು ದೊಡ್ಡದಾದ ಒಂದು ಮೋಡ ಬೇಲಿಯ ಹತ್ತಿರ ಬಂದು ನಿಂತಿತು. ಅದೂ ಮಬ್ಬಯ್ಯ ಕಳಿಸಿದ್ದೇ, ಆದರೆ ಹಿತ್ತಲಿನ ಯಜಮಾನಿ ಹೂಂ ಅನ್ನದೆ ಮಾಯೆಯ ಮಳೆ ಬೀಳುವಂತಿಲ್ಲ.

"ಪಾಪ, ಒಣಗ್ತಾ ಇದೆಯಲ್ಲಮ್ಮ. ಒಂದು ಕೊಡ ಸುರೀಲಾ?" ಎಂದಿತು ಮೋಡ.

ಬೀದಿಯವರೆಲ್ಲ ಬೇಲಿಗೆ ಬಂದು ನಿಂತರು. "ಹೂಂ ಅನ್ನೇ. ಗಂಡನ ಜೀವ ಅದರಲ್ಲಿದೆ, ಬಾಡೋಕೆ ಬಿಟ್ಟಿದ್ದೀಯಲ್ಲ" ಎಂದರು. ಹೇಳುವವರಿಗೇನು, ಕೊಳೆಯುವುದು ಅವರ ಗಡ್ಡೆಯೇ? ಮಲ್ಲಾಜಿ ಅತ್ತೆಯ ಮುಖ ನೋಡಿದಳು. ಸಾಕವ್ವ ತಲೆ ಅಲ್ಲಾಡಿಸಿದಳು.

"ಬೇಡ. ಎಲೆ ಒಣಗಿದರೇ ಗಡ್ಡೆ ತುಂಬೋದು. ಈಗ ನೀರು ಕೊಟ್ರೆ ಕೊಳೀತದೆ" ಎಂದಳು ಮಲ್ಲಾಜಿ. ಮೋಡ ಮುಖ ಸಣ್ಣದು ಮಾಡಿಕೊಂಡು ಹೋಗಿ ಕೆರೆಯಲ್ಲಿ ಬಿತ್ತು.

ಎಲೆಗಳು ಅರ್ಧಕ್ಕರ್ಧ ಒಣಗಿದಾಗ ಅವಳು ಗುದ್ದಲಿಯಿಂದ ಮಣ್ಣು ಸಡಿಲಿಸಿ ಗಡ್ಡೆ ಎತ್ತಿದಳು. ಒಂದೊಂದೂ ಮುಷ್ಟಿ ತುಂಬುವಂತಿತ್ತು. ತೊಳೆಯದೆ, ಬಿಸಿಲಿಗಿಡದೆ, ಗೊಂಚಲು ಕಟ್ಟಿ ಸೂರಿನ ನೆರಳಿಗೆ ತೂಗುಹಾಕಿದಳು. ಹೊರಸಿಪ್ಪೆ ಕಾಗದದ ಹಾಗೆ ಸರಸರ ಎನ್ನುವವರೆಗೂ ಕಾದಳು. ಆ ಕಾಯುವಿಕೆಯೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಆಮೇಲೆ ಒಂದು ಗೊಂಚಲು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿದಳು.

ಗಾಣದ ಕೊಟ್ಟಿಗೆಯಲ್ಲಿ ಸಾಲಾಗಿ ಕೆಂದೆತ್ತುಗಳು, ಎಲ್ಲವೂ ಒಂದೇ ಬಣ್ಣ, ಒಂದೇ ಥರದ ಕೊಂಬು. "ರೀ, ನಾನು ಬಂದಿದ್ದೀನಿ" ಎಂದು ಕೂಗಿದಳು. ದಣಿದು ತೂಕಡಿಸುತ್ತಿದ್ದ ಎತ್ತುಗಳಲ್ಲಿ ಒಂದೂ ತಿರುಗಿ ನೋಡಲಿಲ್ಲ. ಗಡ್ಡೆ ಒಡೆದು, ಎಸಳು ಸುಲಿದು, ಪ್ರತಿಯೊಂದರ ಮೂಗಿಗೂ ಹಿಡಿಯುತ್ತ ನಡೆದಳು. ಜಡ್ಡುಗಟ್ಟಿದ ಹೆಗಲಿನ ಎತ್ತುಗಳು ಸುಮ್ಮನೆ ಮೆಲುಕು ಹಾಕುತ್ತಿದ್ದವು. ಕಟ್ಟಕಡೆಗೆ ಒಂದು ಎತ್ತು ಮೂಗು ಸೊಟ್ಟ ಮಾಡಿ, ಮುಖ ಅತ್ತ ತಿರುಗಿಸಿತು.

ಮಲ್ಲಾಜಿಗೆ ಇಷ್ಟು ವರ್ಷ ಸಿಟ್ಟು ತರಿಸಿದ ಆ ಮೂಗು ಈಗ ದೇವರ ಹಾಗೆ ಕಂಡಿತು. ಹೆಗಲು ಮುಟ್ಟಿ ನೋಡಿದಳು. ಗಾಯವಿತ್ತು, ಜಡ್ಡಿರಲಿಲ್ಲ.

"ತಿನ್ರೀ" ಎಂದಳು. ಎತ್ತು ಬಾಯಿ ಬಿಗಿಹಿಡಿಯಿತು. ಆಗ ಅವಳು ಅದರ ಎದುರೇ ಕೂತು, ಒಂದು ಎಸಳನ್ನು ತಾನೇ ಅಗಿದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಬಂದ ನೀರು ನಿಲ್ಲಲೇ ಇಲ್ಲ. ಇಡೀ ಚಳಿಗಾಲ ತಡೆದಿಟ್ಟ ಅಳುವೆಲ್ಲ ಅದರ ಹಿಂದೆಯೇ ಬಂತು. ಎತ್ತು ಅವಳನ್ನೇ ನೋಡುತ್ತ ನಿಂತಿತು. ಆಮೇಲೆ ಕತ್ತು ಬಗ್ಗಿಸಿ, ಅವಳ ಅಂಗೈಯಲ್ಲಿದ್ದ ಎಸಳನ್ನು ತೆಗೆದುಕೊಂಡಿತು.

ಎತ್ತಿದ್ದ ಜಾಗದಲ್ಲಿ ಕೆಂಚರಾಯ ಎದ್ದು ನಿಂತ. "ಸ್ವಲ್ಪ ಹುರಿದಾದ್ರೂ ತರಬಾರದಿತ್ತೇನೇ?" ಎಂದ.

ಅಷ್ಟರಲ್ಲಿ ಮಬ್ಬಯ್ಯ ಬಾಗಿಲಲ್ಲಿ ಬಂದು ನಿಂತು, ಇಬ್ಬರ ಮುಖಕ್ಕೂ ಉಫ್ ಎಂದು ಊದಿದ. ಏನೂ ಆಗಲಿಲ್ಲ. ಬಾಯಿ ಉರಿಯುತ್ತಿದ್ದ ಕೆಂಚರಾಯ ತಡೆಯಲಾರದೆ ಹಾ ಎಂದು ಉಸಿರು ಬಿಟ್ಟ. ಹೊಸ ಬೆಳ್ಳುಳ್ಳಿಯ ಘಾಟು ನೇರ ಮಾಂತ್ರಿಕನ ಮುಖಕ್ಕೆ ಹೊಡೆಯಿತು. ಮಬ್ಬಯ್ಯನ ಮೈ ಮಂಜಿನ ಹಾಗೆ ತೆಳುವಾಗಿ, ಗಾಳಿಗೆ ಚದುರಿ, ಇಲ್ಲವಾಯಿತು. ಮಾಯೆ ಹೋದ ಕೂಡಲೇ ಜಡ್ಡುಗಟ್ಟಿದ ಹೆಗಲಿನ ಎತ್ತುಗಳೂ ಮನುಷ್ಯರಾದವು, ಅವರು ನಿದ್ದೆಯಿಂದ ಎದ್ದವರಂತೆ ತಮ್ಮ ಕೈಗಳನ್ನು ನೋಡಿಕೊಂಡರು. ಎಲ್ಲರೂ ಒಟ್ಟಿಗೆ ಗುಡ್ಡ ಇಳಿದರು. ಬೆಣಚಿನಾಡಿನಲ್ಲಿ ಆ ಸಂಜೆ ಯಾರೂ ಬಾಗಿಲು ಹಾಕಲಿಲ್ಲ.

ಮಬ್ಬಯ್ಯನಿಲ್ಲದ ನಾಡಿನಲ್ಲಿ ಬೆಳ್ಳುಳ್ಳಿ ತಿನ್ನಲೇಬೇಕೆಂಬ ಹೆದರಿಕೆ ಯಾರಿಗೂ ಉಳಿಯಲಿಲ್ಲ. ಆದರೂ ಕೆಂಚರಾಯ ದಿನವೂ ಊಟಕ್ಕೆ ಕೂತಾಗ ಒಂದು ಎಸಳು ಕೇಳಿ ಹಾಕಿಸಿಕೊಳ್ಳುತ್ತಿದ್ದ, ಮುಖ ಕಿವುಚಿಕೊಂಡೇ ಅಗಿಯುತ್ತಿದ್ದ.

"ಈಗ ಯಾಕೋ ತಿಂತೀಯ? ನಿಂಗೆ ಸೇರಲ್ಲವಲ್ಲ" ಎಂದಳು ಸಾಕವ್ವ.

"ಸೇರಲ್ಲ ಅವ್ವ" ಎಂದ ಕೆಂಚರಾಯ. "ಇವಳು ಬೆಳೆದದ್ದು."

ಮಲ್ಲಾಜಿ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಹೀಗೆ ಅವರು ಬಹುಕಾಲ ಸುಖವಾಗಿ ಬಾಳಿದರು, ನಾಡಿನವರೂ ಬಾಳಿದರು.