ಪಿಂಗಾಣಿ ಹಕ್ಕಿಗಳಿಗೆ ದಾರ

"ಗಟ್ಟಿಯಾಗಿ ಅಂಟಿಸಿಬಿಡಿ. ಮತ್ತೆ ತೆಗೆಯೋಕೇ ಆಗಬಾರದು."

ನನ್ನ ಫ್ರೇಮ್ ಅಂಗಡಿಯ ಮೇಜಿನ ಮೇಲೆ ಹೆಬ್ಬೆರಳುದ್ದದ ಪಿಂಗಾಣಿ ಹಕ್ಕಿಗಳನ್ನು ಹರಡಿ ಆ ಹೊಸ ಗಿರಾಕಿ ಆಡಿದ ಮೊದಲ ಮಾತೇ ಇದು. ನನಗೆ ಮೈಯೆಲ್ಲ ಉರಿಯಿತು.

"ಅಂಟು ಬರ್ತಾ ಬರ್ತಾ ಹಳದಿಯಾಗುತ್ತೆ. ಕೀಳೋಕೆ ಹೋದ್ರೆ ಬಣ್ಣಾನೂ ಕಿತ್ಕೊಂಡು ಬರುತ್ತೆ. ನೀವೇನ್ ಕೆಲಸ ಮಾಡ್ತೀರಿ?"

"ಪ್ರಾಣಿಗಳ ಡಾಕ್ಟರು."

"ನಾಯಿ ಗಾಯಕ್ಕೆ ಅಂಟು ಹಚ್ತೀರೋ, ಹೊಲಿಗೆ ಹಾಕ್ತೀರೋ?"

ಬೆಕ್ಕು ಪರಚಿದ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನನ್ನ ಸಿಟ್ಟು ಅರ್ಧ ಇಳಿಯಿತು. ಉಳಿದರ್ಧವನ್ನಾದರೂ ಜತನವಾಗಿ ಇಟ್ಟುಕೊಳ್ಳಬೇಕಿತ್ತು, ಆಗಲಿಲ್ಲ.

ಆಮೇಲೆ ಕ್ಲಿನಿಕ್ ಮುಚ್ಚಿ ಬರತೊಡಗಿದರು, ಯಾವ ಹಕ್ಕಿ ಎಲ್ಲಿ ಕೂರಬೇಕೆಂದು ನೋಡಲು. ನಾನು ಮೆತ್ತನೆಯ ಹಲಗೆಯಲ್ಲಿ ಹಕ್ಕಿಯ ಆಕಾರಕ್ಕೆ ಗುಳಿ ಕೊರೆಯುತ್ತಿದ್ದೆ, ಅವರು ಒಂದೊಂದನ್ನೇ ಕೈಗೆ ಕೊಡುತ್ತಿದ್ದರು. ಬೆರಳಿಗೆ ಬೆರಳು ತಾಕಿದರೆ ಇಬ್ಬರೂ ಹಕ್ಕಿಯನ್ನೇ ನೋಡುತ್ತಿದ್ದೆವು. ಅವರು ಬಾರದ ದಿನ ಬಾಗಿಲ ಗಾಜನ್ನು ಒರೆಸಿದ್ದೇ ಒರೆಸಿದ್ದು.

"ಒಂದು ಫ್ರೇಮಿಗೆ ಇಷ್ಟು ಸಲ ಬರ್ತಾರೇನೇ?" ಅಮ್ಮ ಕೇಳಿದಳು.

"ನಾಜೂಕು ಕೆಲಸ ಅಮ್ಮ."

"ನಾಜೂಕಾಗಿರೋದು ಕೆಲಸಾನೋ, ನಿನ್ನ ಮನಸ್ಸೋ?"

ಒಂದು ಸಂಜೆ ಅವರೇ ಬಾಯಿಬಿಟ್ಟರು. "ಇವೆಲ್ಲ ನನ್ನ ಹೆಂಡತಿ ಕೂಡಿಸಿದ್ದು. ಅವಳು ತೀರಿಕೊಂಡ ಮೇಲೆ ದಿನಾ ತೆಗೀತೀನಿ, ಒರೆಸ್ತೀನಿ, ಇಡ್ತೀನಿ. ಒಲೆ ಮೇಲೆ ಅನ್ನ ಸೀದರೂ ಗೊತ್ತಾಗಲ್ಲ. ಅಂಟಿಸಿಬಿಟ್ರೆ ನಾನೂ ಬಿಡ್ತೀನೇನೋ ಅಂತ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಒಂದೊಂದು ಹನಿ ಅಂಟು ಹಾಕಿದರೆ ಅವರು ಕೇಳಿದ್ದೂ ಆಗುತ್ತಿತ್ತು, ನನ್ನ ದಾರಿಯೂ ಸಲೀಸಾಗುತ್ತಿತ್ತು. ಅವರು ನನಗೆ ಅಷ್ಟು ಬೇಕಾಗಿದ್ದರು. ಟ್ಯೂಬನ್ನು ಕೈಗೂ ತೆಗೆದುಕೊಂಡೆ. ಆದರೆ ನೀಲಿ ಹಕ್ಕಿಯೊಂದನ್ನು ಎತ್ತಿಕೊಂಡಾಗ, ಅದನ್ನು ಇಷ್ಟಪಟ್ಟು ಆರಿಸಿದವಳಿಗೆ ಮೋಸ ಮಾಡಲು ಮನಸ್ಸು ಬರಲಿಲ್ಲ. ಕತ್ತಿಗೊಂದು, ಬಾಲಕ್ಕೊಂದು ಸಣ್ಣ ದಾರ ಸುತ್ತಿ ಹಲಗೆಯ ಹಿಂದೆ ಗಂಟು ಹಾಕಿದೆ. ಎಲ್ಲವಕ್ಕೂ ಹಾಗೆಯೇ ಮಾಡಿದೆ.

ಫ್ರೇಮ್ ಒಯ್ಯಲು ಬಂದವರು ಕಣ್ಣು ಕಿರಿದಾಗಿಸಿ ನೋಡಿದರು. "ದಾರ ಹಾಕಿದ್ದೀರಲ್ಲ! ನಾನು ಅಂಟು ಅಂದಿದ್ದೆ."

"ಬೇಕು ಅನ್ನಿಸಿದ ದಿನ ಬಿಚ್ಚಿ ಕೈಗೆ ತಗೊಳ್ಳಿ. ಅವರನ್ನ ಮರೀರಿ ಅಂತ ನಾನು ಹೇಳಲ್ಲ ಡಾಕ್ಟ್ರೇ." ಅಷ್ಟಕ್ಕೇ ನಿಲ್ಲಿಸಲಿಲ್ಲ. "ನೀವಂದ್ರೆ ನಂಗಿಷ್ಟ. ಅವರ ಜಾಗ ನಂಗೆ ಬೇಡ. ಪಕ್ಕದಲ್ಲಿ ಒಂಚೂರು ಇದ್ರೆ ಸಾಕು."

ಅವರು ಫ್ರೇಮನ್ನು ಬಟ್ಟೆಯಲ್ಲಿ ಸುತ್ತಿದರು. ನಾನು ಸೂಜಿ, ಕತ್ತರಿ ಎತ್ತಿಡುವ ನೆಪದಲ್ಲಿ ತಲೆ ತಗ್ಗಿಸಿದೆ.

"ಬಿಸಿಲು ಬೀಳದ ಗೋಡೆಗೆ ಹಾಕಿ. ಇಲ್ಲಾಂದ್ರೆ ಬಣ್ಣ ಮಾಸುತ್ತೆ" ಎಂದಷ್ಟೇ ಹೇಳಿದೆ.

ಬಾಗಿಲವರೆಗೆ ಹೋದವರು ನಿಂತರು.

"ನಮ್ಮನೇಲಿ ಯಾವ ಗೋಡೆಗೆ ಬಿಸಿಲು ಬೀಳಲ್ವೋ ನಂಗೊತ್ತಿಲ್ಲ. ಭಾನುವಾರ ಬನ್ನಿ. ಬೆಳಿಗ್ಗೆಯಿಂದ ಸಂಜೆವರೆಗೂ ಜೊತೇಲಿ ಕೂತು ನೋಡಬೇಕಾಗುತ್ತೆ."