ಅಣುಸ್ಥಾವರದ ಕೋಡೊಲೆ

ಶ್ರೀನಿವಾಸಪುರದ ಕಾಲೇಜಿನ ಲ್ಯಾಬಿನಲ್ಲಿ ಬೆಳಗ್ಗೆ ಒಂದು ಊರೇ ಹಾಳಾಗಿ ಬಿದ್ದಿತ್ತು. ತಗಡಿನ ಪುಟ್ಟ ಪುಟ್ಟ ಮನೆಗಳು. ಬಿಸಿನೀರು ತರುವ ರಬ್ಬರ್ ಕೊಳವೆಗಳನ್ನು ಕತ್ತರಿಸಿ, ಒಂದೊಂದು ಮನೆಯನ್ನೂ ಯಾರೋ ಬೇರ್ಪಡಿಸಿ ಹಾಕಿದ್ದರು.

ಸಬ್ ಇನ್‌ಸ್ಪೆಕ್ಟರ್ ಸುನಂದಾಗೆ ಮೈಯೆಲ್ಲ ಉರಿಯಿತು. ತನ್ನ ಜೊತೆ ಟ್ರೈನಿಂಗ್ ಮುಗಿಸಿದ ಅನಿತಾಗೆ ಕೋಲಾರದಲ್ಲಿ ಕೊಲೆ ಕೇಸು, ತನಗೆ ಆಟಿಕೆ ಕೇಸು ಎಂದು ಗೊಣಗಿದಳು.

"ಆಟಿಕೆ ಅಲ್ಲ ಮೇಡಂ," ಅಣುಸ್ಥಾವರದ ಈ ಮಾದರಿ ಮಾಡಿದ್ದ ಉಪನ್ಯಾಸಕಿ ರಾಧಾ ಹೇಳಿದಳು. "ಅರವತ್ತರ ದಶಕದಲ್ಲೇ ಸ್ವೀಡನ್ನಿನಲ್ಲಿ ಬೆಟ್ಟದ ಹೊಟ್ಟೇಲಿ ಅಣುಸ್ಥಾವರ ಇತ್ತು. ಕರೆಂಟೂ ಕೊಡ್ತಿತ್ತು, ಊರಿನ ಮನೆಗಳನ್ನ ಬೆಚ್ಚಗೂ ಇಡ್ತಿತ್ತು. ಆಮೇಲೆ ನಮ್ಮ ರಾಜಸ್ಥಾನದ ಸ್ಥಾವರಾನೂ ಪಕ್ಕದ ಭಾರಜಲ ಕಾರ್ಖಾನೆಗೆ ಹಬೆ ಕೊಡ್ತು."

"ನಮ್ಮಜ್ಜಿ ಕೋಡೊಲೆ ಥರ," ಎಂದಳು ಸುನಂದಾ. "ಮುದ್ದೆ ಬೇಯಿಸೋ ಉರೀಲೇ ಪಕ್ಕದಲ್ಲಿ ನೀರೂ ಕಾಯೋದು."

ಮಧ್ಯಾಹ್ನ ಕೋಲಾರದಲ್ಲಿ ಪ್ರದರ್ಶನ. ಗೆದ್ದರೆ ರಾಧಾಗೆ ಕಲ್ಪಾಕ್ಕಂ ಅಣುಕೇಂದ್ರದಲ್ಲಿ ಒಂದು ವರ್ಷದ ತರಬೇತಿ. ಲ್ಯಾಬಿನ ಬೀಗದ ಕೈ ಇನ್ನಿಬ್ಬರ ಬಳಿಯಿತ್ತು: ಅಲ್ಲೇ ಪಾಠ ಮಾಡುವ ಅವಳ ಗಂಡ ಮುರಳೀಕೃಷ್ಣ, ಇನ್ನೊಬ್ಬ ಸಹೋದ್ಯೋಗಿ ಕದಿರೇಶ. ಇಬ್ಬರೂ ಕಾಲೇಜಿನ ಪರವಾಗಿ ಪ್ರದರ್ಶನಕ್ಕೆ ಹೋಗುವ ಅವಕಾಶ ಕೇಳಿ ಸೋತವರು.

* * *

ಕೊಳವೆ ಕತ್ತರಿಸಿದ ಕಟ್ಟರ್ ಸಿಕ್ಕಿದ್ದು ಕದಿರೇಶನ ಡ್ರಾಯರಿನಲ್ಲಿ.

"ಅವರಿಗೇ ಕೊಟ್ರಲ್ಲಾ ಅಂತ ಹೊಟ್ಟೆ ಉರೀತು, ನಿಜ," ಕದಿರೇಶ ಬೆವರಿದ. "ಆದ್ರೆ ಇದು ನಾನಲ್ಲ."

"ಇವನೇ ಮೇಡಂ," ಎಂದ ಮುರಳೀಕೃಷ್ಣ.

ಸುನಂದಾ ಮತ್ತೆ ಮೇಜಿನತ್ತ ಬಗ್ಗಿದಳು. ಪ್ರತಿ ಮನೆಗೂ ಬೆರಳುದ್ದ ಕೊಳವೆ ಉಳಿದಿತ್ತು. ಎಲ್ಲವನ್ನೂ ಪೇಪರಿನ ಮೇಲೆ ಸಾಲಾಗಿ, ಕೊಳವೆ ಕೆಳಗಾಗಿ ಬೋರಲು ಹಾಕಿತ್ತು.

"ಕದಿರೇಶ್, ನಿಮ್ಮನೇಲಿ ಏನು ಬೆಳೀತೀರಾ?"

"ಸುಗಟೂರಲ್ಲಿ ಟೊಮೆಟೊ."

"ಮುರಳಿ ಸರ್, ನೀವು?"

"ಗೌನಿಪಲ್ಲಿ. ಮಾವಿನ ತೋಪು."

* * *

"ಟೊಮೆಟೊ ಕೀಳೋರು ತೊಟ್ಟು ಉಳಿಸಲ್ಲ, ಪಕ್ಕದ ಹಣ್ಣಿಗೆ ಚುಚ್ಚುತ್ತೆ," ಎಂದಳು ಸುನಂದಾ. "ಮಾವು ಕೀಳೋರು ತೊಟ್ಟು ಬಿಟ್ಟೇ ಕತ್ತರಿಸ್ತಾರೆ. ಆಮೇಲೆ ಸೊನೆ ಇಳೀಲಿ ಅಂತ ಬೋರಲು ಹಾಕ್ತಾರೆ. ಹಾಳು ಮಾಡೋಕೆ ಬಂದೋರು ಇಷ್ಟು ಜೋಪಾನ ಮಾಡ್ತಾರಾ ಸರ್? ಅದು ನಿಮ್ಮ ಕೈಗೆ ಬಂದ ಅಭ್ಯಾಸ. ಕಟ್ಟರ್ ಅವರ ಡ್ರಾಯರಿಗೆ ಹಾಕಿದ್ದೂ ನೀವೇ."

ಮುರಳೀಕೃಷ್ಣನ ಮುಖ ಕಪ್ಪಿಟ್ಟಿತು. "ಇವಳು ಕಲ್ಪಾಕ್ಕಂನಲ್ಲಿ, ನಾನಿಲ್ಲಿ ಬರೀ ರಾಧಾ ಮೇಡಂ ಗಂಡ! ಹೇಗೆ ಸಹಿಸ್ಲಿ?" ಮರುಕ್ಷಣವೇ ಅವನ ದನಿ ಇಳಿಯಿತು. "ರಾಧಾ, ಮನೇಲಿ ಮಾತಾಡೋಣ ಕಣೇ."

ರಾಧಾ ಆಗಲೇ ಕೊಳವೆಗಳನ್ನು ಜೋಡಿಸುತ್ತಿದ್ದಳು. "ತೊಟ್ಟು ನೋಡ್ದಾಗಲೇ ನಂಗೆ ಗೊತ್ತಾಯ್ತು ಮೇಡಂ. ಅದೇ ತೋಪಲ್ಲಿ ನಾನೂ ಕಾಯಿ ಕಿತ್ತಿದೀನಿ."

"ಮತ್ತೆ ನನ್ನ ಯಾಕ್ರೀ ಕರೆಸಿದ್ರಿ?"

"ನಾನು ಹೇಳಿದ್ರೆ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಿದ್ರು," ಎಂದಳು ರಾಧಾ. "ನೀವು ಕೇಸು ಬರ್ಕೊಳ್ಳಿ."